ಕಾಯ್ದಿರಿಸಿದ ಪೋರ್ಟ್ ಸಂಖ್ಯೆಗಳು ಮತ್ತು ಫೈರ್‌ವಾಲ್

ಕಾಯ್ದಿರಿಸಿದ ಪೋರ್ಟ್ ಸಂಖ್ಯೆಗಳು ಎಂದರೆ ಗಣಕಜಾಲದಲ್ಲಿ ನಿರ್ದಿಷ್ಟ ಸೇವೆಗಳಿಗೆಂದು ಮುಂಚಿತವಾಗಿ ಗೊತ್ತುಪಡಿಸಲಾದ ಸಂಖ್ಯೆಗಳು. ಐಪಿ ವಿಳಾಸವು ಜಾಲದಲ್ಲಿ ಒಂದು ಗಣಕವನ್ನು ಗುರುತಿಸಿದರೆ, ಪೋರ್ಟ್ ಸಂಖ್ಯೆಯು ಆ ಗಣಕದ ಯಾವ ತಂತ್ರಾಂಶಕ್ಕೆ ದತ್ತಾಂಶ ತಲುಪಬೇಕೆಂಬುದನ್ನು ತಿಳಿಸುತ್ತದೆ. ಟಿಸಿಪಿ ಮತ್ತು ಯುಡಿಪಿ ಪ್ರೋಟೋಕಾಲ್‌ಗಳಲ್ಲಿ ಇದಕ್ಕೆ 16 ಬಿಟ್‌ಗಳು ಮೀಸಲಾಗಿದ್ದು, 0ಯಿಂದ 65535ರವರೆಗಿನ ಸಂಖ್ಯೆಗಳು ದೊರೆಯುತ್ತವೆ. ಫೈರ್‌ವಾಲ್ ನಿಯಮಗಳನ್ನು ಸಾಮಾನ್ಯವಾಗಿ ಈ ಸಂಖ್ಯೆಗಳನ್ನು ಆಧರಿಸಿಯೇ ಬರೆಯಲಾಗುತ್ತದೆ. ಆದರೆ ಸಂಖ್ಯೆಯ ನೋಂದಣಿ ಬೇರೆ, ಫೈರ್‌ವಾಲ್‌ನ ಅನುಮತಿ ಬೇರೆ. ಇವೆರಡನ್ನೂ ಒಂದೆಂದು ಭಾವಿಸಿದಲ್ಲಿ ಭದ್ರತಾ ಲೋಪಗಳು ಉಂಟಾಗುತ್ತವೆ.

ಹಂಚಿಕೆ

ಅಂತರಜಾಲದ ಆರಂಭಿಕ ದಶಕಗಳಲ್ಲಿ ಈ ಪಟ್ಟಿಯನ್ನು ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ನಿರ್ವಹಿಸುತ್ತಿದ್ದರು. ಈಗ ಐಎಎನ್‌ಎ (ಅಂತರಜಾಲ ಸಂಖ್ಯಾ ಹಂಚಿಕೆ ಪ್ರಾಧಿಕಾರ) 2011ರ ಆರ್‌ಎಫ್‌ಸಿ 6335ರ ವಿಧಾನದಂತೆ ಹಂಚಿಕೆ ಮಾಡುತ್ತದೆ. 0ಯಿಂದ 1023ರವರೆಗಿನವು ವ್ಯವಸ್ಥಾ ಪೋರ್ಟ್‌ಗಳು. ಇವುಗಳಿಗೆ ಪರಿಶೀಲನೆ ಹೆಚ್ಚು ಕಟ್ಟುನಿಟ್ಟು. 1024ರಿಂದ 49151ರವರೆಗಿನವನ್ನು ಅರ್ಜಿಯ ಮೂಲಕ ನೋಂದಾಯಿಸಬಹುದು. 49152ರಿಂದ 65535ರವರೆಗಿನವು ತಾತ್ಕಾಲಿಕ ಬಳಕೆಗೆ ಮುಕ್ತವಾಗಿದ್ದು, ಅವನ್ನು ಯಾರ ಹೆಸರಿಗೂ ಕೊಡುವುದಿಲ್ಲ.

ಹಿಂದೆ ಈ ಹಂಚಿಕೆ ಎಷ್ಟು ಸರಳವಾಗಿತ್ತೆಂಬುದಕ್ಕೆ ಪೋರ್ಟ್ 22 ನಿದರ್ಶನ. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್, ಟೆಲ್ನೆಟ್ ಮತ್ತು ಎಫ್‌ಟಿಪಿಗಳಿಗೆ ಬದಲಾಗಿ ಎಸ್‌ಎಸ್‌ಎಚ್ ಅನ್ನು ರೂಪಿಸಿದರು. ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ 22 ಖಾಲಿಯಿತ್ತು. ಅದನ್ನು ಕೋರಿ ಅವರು ಬರೆದ ಇಮೇಲ್‌ಗೆ ಮರುದಿನವೇ ರೆನಾಲ್ಡ್ಸ್ ಅವರ ಒಪ್ಪಿಗೆ ಬಂದಿತು.

ನೋಂದಣಿ ಮತ್ತು ನಂಬಿಕೆ

ಯುನಿಕ್ಸ್ ವ್ಯವಸ್ಥೆಗಳಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು ತೆರೆಯುವ ಅಧಿಕಾರ ಸಾಂಪ್ರದಾಯಿಕವಾಗಿ ರೂಟ್ ಬಳಕೆದಾರನಿಗೆ ಮಾತ್ರ ಇತ್ತು. ಆರ್‌ಲಾಗಿನ್, ಆರ್‌ಎಸ್‌ಎಚ್ ಸೇವೆಗಳು ಇದನ್ನೇ ನೆಚ್ಚಿ, ಅಂತಹ ಪೋರ್ಟ್‌ನಿಂದ ಬಂದ ವಿನಂತಿಯನ್ನು ವಿಶ್ವಾಸಾರ್ಹವೆಂದು ಪರಿಗಣಿಸುತ್ತಿದ್ದವು. ತನ್ನ ಗಣಕಕ್ಕೆ ತಾನೇ ರೂಟ್ ಆಗಿರುವ ಯಾರೂ ಅಂತಹ ಪೋರ್ಟ್‌ನಿಂದ ವಿನಂತಿ ಕಳುಹಿಸಬಲ್ಲರಾದ್ದರಿಂದ ಈ ನಂಬಿಕೆ ನಿಲ್ಲಲಿಲ್ಲ. ನೋಂದಾಯಿತ ಪೋರ್ಟ್‌ನಲ್ಲಿ ಹರಿಯುವ ದಟ್ಟಣೆಯೆಲ್ಲ ಒಳ್ಳೆಯದಲ್ಲವೆಂದು ಐಎಎನ್‌ಎ ಪಟ್ಟಿಯೇ ಎಚ್ಚರಿಸುತ್ತದೆ.

ಫೈರ್‌ವಾಲ್ ಸಂರಚನೆ

ಮೊದಲು ಒಳಬರುವ ಎಲ್ಲ ಸಂಪರ್ಕಗಳನ್ನೂ ತಡೆದು, ಬೇಕಾದವನ್ನಷ್ಟೇ ತೆರೆಯುವುದು ರೂಢಿ. ಸಾರ್ವಜನಿಕ ಜಾಲತಾಣದ ಸರ್ವರ್‌ನಲ್ಲಿ 443 ಎಲ್ಲರಿಗೂ ತೆರೆದಿರಬಹುದು. 22 ಮಾತ್ರ ನಿರ್ವಾಹಕರ ವಿಳಾಸಗಳಿಗೆ ಸೀಮಿತವಾಗಿರಬೇಕು. ಸರ್ವರ್ ತಾನೇ ಹೊರಗೆ ಕಳುಹಿಸಿದ ವಿನಂತಿಗಳಿಗೆ ಉತ್ತರ ಬರಲೆಂದು ತಾತ್ಕಾಲಿಕ ಪೋರ್ಟ್‌ಗಳ ಇಡೀ ಶ್ರೇಣಿಯನ್ನು ತೆರೆದಿಡುವುದು ಹೊಸಬರಲ್ಲಿ ಕಾಣುವ ತಪ್ಪು. ಸಂಪರ್ಕಗಳ ಸ್ಥಿತಿಯನ್ನು ನೆನಪಿಡುವ ಫೈರ್‌ವಾಲ್‌ಗೆ ಅದರ ಅಗತ್ಯವಿಲ್ಲ. ಅಲ್ಲದೆ ಲಿನಕ್ಸ್ ಪೂರ್ವನಿಯೋಜಿತವಾಗಿ ಬಳಸುವ ತಾತ್ಕಾಲಿಕ ಶ್ರೇಣಿ 32768ರಿಂದ 60999. ಅದು ಐಎಎನ್‌ಎ ಶ್ರೇಣಿಗೆ ಹೊಂದುವುದೂ ಇಲ್ಲ.

ಎಫ್‌ಟಿಪಿ ಇದಕ್ಕೆ ತೊಡಕಿನ ಅಪವಾದ. ಅದರ ಆದೇಶಗಳು 21ರಲ್ಲಿ ಸಾಗಿದರೂ, ಪ್ಯಾಸಿವ್ ವಿಧಾನದಲ್ಲಿ ಕಡತಗಳಿಗಾಗಿ ಸರ್ವರ್ ಪ್ರತಿಬಾರಿಯೂ ಬೇರೊಂದು ಪೋರ್ಟ್ ತೆರೆಯುತ್ತದೆ. ಆದ್ದರಿಂದ ಸರ್ವರ್‌ನಲ್ಲಿ ಒಂದು ಕಿರು ಶ್ರೇಣಿಯನ್ನು ನಿಗದಿಪಡಿಸಿ, ಅದನ್ನೇ ಫೈರ್‌ವಾಲ್‌ನಲ್ಲಿಯೂ ತೆರೆಯಬೇಕಾಗುತ್ತದೆ.