ಬೀಗ ಇತ್ತಲ್ಲ, ದುಡ್ಡು ಹೇಗೆ ಹೋಯ್ತು?

2022ರ ಮಳೆಗಾಲ. ಬೆಳೆಹಾನಿ ಸುದ್ದಿಗೆಂದು ಹೋಗಿದ್ದ ಹಳ್ಳಿಯ ಕಟ್ಟೆಯ ಮೇಲೆ ರೈತರೊಬ್ಬರು ನಮ್ಮ ಕೈಗೆ ಮೊಬೈಲ್ ಕೊಟ್ಟರು. ಪರಿಹಾರದ ಹಣ ಬಂದಿದೆ ಎಂಬ ಮೆಸೇಜು, ಕೆಳಗೊಂದು ಲಿಂಕು. ಅವರು ಲಿಂಕ್ ಒತ್ತಿದ್ದರು, ಕೇಳಿದ್ದನ್ನೆಲ್ಲ ತುಂಬಿದ್ದರು, ಒಟಿಪಿಯನ್ನೂ ಹಾಕಿದ್ದರು. ಖಾತೆಯಲ್ಲಿದ್ದ ದುಡ್ಡು ಹೋಗಿತ್ತು.

"ಮೇಲೆ ಬೀಗದ ಗುರುತಿತ್ತು ಸಾರ್. ಬೀಗ ಇದ್ರೆ ಭಯ ಇಲ್ಲ ಅಂತ ಮಗನೇ ಹೇಳಿದ್ದ. ಮತ್ತೆ ಹೇಗೆ ಹೋಯ್ತು?"

ಅಂದು ನಮಗೆ ಉತ್ತರ ಗೊತ್ತಿರಲಿಲ್ಲ. 1930ಕ್ಕೆ ಫೋನ್ ಮಾಡಿಸಿ, ದೂರು ಬರೆಸಿ ಬಂದೆವು. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಹುಡುಕುತ್ತಾ ಹೋದರೆ, ಉತ್ತರದ ಬೇರು ಇದ್ದದ್ದು ಐವತ್ತು ವರ್ಷಕ್ಕೂ ಹಿಂದೆ, ಅಮೆರಿಕದಲ್ಲಿ.

ಎರಡು ಕಂಪ್ಯೂಟರ್ ಮಾತಾಡಬೇಕಾದರೆ ಅವುಗಳ ನಡುವೆ ಮೊದಲೇ ಒಂದು ಒಪ್ಪಂದ ಬೇಕು. ಯಾರು ಮಾತು ಶುರು ಮಾಡಬೇಕು, ಮುಟ್ಟಿತು ಎಂದು ಹೇಗೆ ತಿಳಿಸಬೇಕು, ಮುಟ್ಟದಿದ್ದರೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಒಪ್ಪಂದವೇ ಪ್ರೊಟೋಕಾಲ್.

ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ‘ಅರ್ಪಾನೆಟ್’ ಎಂಬ ಜಾಲ ಶುರುವಾದದ್ದು 1969ರಲ್ಲಿ. ಅದರ ನಿಯಮಗಳನ್ನು ಬರೆಯಲು ಕೂತವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ತಾವು ಬರೆದದ್ದೇ ಅಂತಿಮ ಎನ್ನುವ ಧೈರ್ಯ ಅವರಿಗಿರಲಿಲ್ಲ. ಹಾಗಾಗಿ ಆ ಬರಹಗಳಿಗೆ ‘ಅಭಿಪ್ರಾಯ ಕೋರಿಕೆ’ ಎಂಬರ್ಥದ ಹೆಸರಿಟ್ಟರು. ಮೊದಲನೆಯದನ್ನು ಆ ವರ್ಷದ ಏಪ್ರಿಲ್‌ನಲ್ಲಿ ಬರೆದವರು ಸ್ಟೀವ್ ಕ್ರಾಕರ್. ಮಲಗಿದ್ದ ಗೆಳೆಯರಿಗೆ ಎಚ್ಚರವಾಗದಿರಲೆಂದು ಸ್ನಾನದ ಮನೆಯಲ್ಲಿ ಕೂತು ಬರೆದಿದ್ದರು. ಆ ಸಾಲಿನ ದಾಖಲೆಗಳು ಇಂದಿಗೂ ಬರುತ್ತಿವೆ, ಯಾರು ಬೇಕಾದರೂ ಪುಕ್ಕಟೆ ಓದಬಹುದು.

ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ಕಳಿಸಬೇಕಿದ್ದ ಪದ ‘ಲಾಗಿನ್’. ಎಲ್ ಮತ್ತು ಓ, ಎರಡು ಅಕ್ಷರ ಮುಟ್ಟುವಷ್ಟರಲ್ಲಿ ವ್ಯವಸ್ಥೆ ಕುಸಿಯಿತು. ಸರಿಪಡಿಸಿ ಪೂರ್ತಿ ಪದ ಕಳಿಸಲು ಇನ್ನೂ ಸುಮಾರು ಒಂದು ಗಂಟೆ ಹಿಡಿಯಿತು.

ಮುಂದೆ ರೇಡಿಯೋ, ಉಪಗ್ರಹಗಳ ಜಾಲಗಳೂ ಹುಟ್ಟಿದವು. ಒಂದರ ನಿಯಮ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇವನ್ನೆಲ್ಲ ಜೋಡಿಸುವ ದಾರಿಯನ್ನು 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಮುಂದಿಟ್ಟರು. ಅದೇ ಬೆಳೆದು ಟಿಸಿಪಿ, ಐಪಿ ಎಂಬ ಜೋಡಿಯಾಯಿತು.

ಉದ್ದದ ಕಾಗದವೊಂದನ್ನು ಹತ್ತು ಅಂಚೆ ಕಾರ್ಡುಗಳಲ್ಲಿ ಬರೆದು, ಒಂದೊಂದಕ್ಕೂ ನಂಬರು ಹಾಕಿ ಕಳಿಸಿದಿರಿ ಎಂದುಕೊಳ್ಳಿ. ಒಂದು ಕಾರ್ಡು ಹುಬ್ಬಳ್ಳಿ ಮೇಲೆ ಹೋಗಬಹುದು, ಇನ್ನೊಂದು ಅರಸೀಕೆರೆ ಮೇಲೆ. ವಿಳಾಸ ನೋಡಿ ದಾಟಿಸುವುದು ಐಪಿ ಕೆಲಸ. ನಂಬರಿನಂತೆ ಜೋಡಿಸಿ, ಬಾರದ ಕಾರ್ಡನ್ನು ಮತ್ತೆ ತರಿಸುವುದು ಟಿಸಿಪಿ ಕೆಲಸ. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ನಿಯಮ ಬಿಟ್ಟು ಈ ಜೋಡಿಗೆ ಬದಲಾಯಿತು. ಇಂದು ನಮ್ಮ ನಿಮ್ಮ ವಾಟ್ಸಾಪ್ ನಡೆಯುತ್ತಿರುವುದೂ ಇದೇ ಬುನಾದಿಯ ಮೇಲೆ.

ಆದರೆ ಅಂಚೆ ಕಾರ್ಡಿಗೆ ಮುಚ್ಚಳವಿಲ್ಲ. ಅಂದಿನ ಬಳಕೆದಾರರು ಹೆಚ್ಚಾಗಿ ಸಂಶೋಧಕರು, ಒಬ್ಬರಿಗೊಬ್ಬರು ಪರಿಚಿತರು. ಊರೆಲ್ಲ ನೆಂಟರೇ ಇದ್ದರೆ ಬಾಗಿಲಿಗೆ ಚಿಲಕ ಯಾಕೆ? 1982ರಲ್ಲಿ ಬಂದ ಇಮೇಲ್ ನಿಯಮವೂ ಕಳಿಸಿದವರು ಹೇಳಿದ ಹೆಸರನ್ನೇ ನಂಬುತ್ತಿತ್ತು.

ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಎಚ್‌ಟಿಟಿಪಿ, ಅಂದರೆ ವೆಬ್ ಪುಟ ತರಿಸುವ ನಿಯಮವೂ ತೆರೆದ ಕಾರ್ಡೇ. 1993ರ ಏಪ್ರಿಲ್ 30ರಂದು ಸರ್ನ್ ವೆಬ್ ತಂತ್ರಾಂಶವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ 1986ರಲ್ಲೇ ಶುರುವಾಗಿದ್ದ ‘ಅರ್ನೆಟ್’ ಜಾಲ ವಿದ್ವಾಂಸರಿಗೆ ಮಾತ್ರ ಇತ್ತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ವೆಬ್‌ನಲ್ಲಿ ವ್ಯಾಪಾರ ಬಂದಾಗ ತೊಡಕಾಯಿತು. ಬ್ಯಾಂಕಿನ ವಿವರವನ್ನು ಅಂಚೆ ಕಾರ್ಡಿನ ಮೇಲೆ ಬರೆಯುವವರು ಯಾರು? 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಕಾರ್ಡಿಗೆ ಲಕೋಟೆ ತೊಡಿಸುವ ವಿಧಾನ ಹೊರತಂದಿತು. ಅದು ಸುಧಾರಿಸಿ 1999ರಲ್ಲಿ ಟಿಎಲ್‌ಎಸ್ ಆಯಿತು. ವಿಳಾಸದಲ್ಲಿ ಎಚ್‌ಟಿಟಿಪಿ ಮುಂದೆ ಇರುವ ‘ಎಸ್’ ಹೇಳುವುದು ಇದನ್ನೇ. ಬೀಗದ ಚಿತ್ರ ಅದರ ಗುರುತು.

ಬೀಗ ಹೇಳುವುದು ಇಷ್ಟೇ: ಲಕೋಟೆಯನ್ನು ದಾರಿಯಲ್ಲಿ ಯಾರೂ ಒಡೆದಿಲ್ಲ, ಅದು ಬರೆದ ವಿಳಾಸಕ್ಕೇ ಹೋಗಿದೆ. ಆ ವಿಳಾಸದಲ್ಲಿ ಕೂತವನು ಸಾಚಾ ಎಂದು ಅದು ಎಲ್ಲೂ ಹೇಳುವುದಿಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು 2015ರಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಪುಕ್ಕಟೆ ಕೊಡುತ್ತಿದೆ. ಬಡ ಸೈಟುಗಳಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಆದರೆ ಮೋಸಗಾರನಿಗೂ ಅದೇ ಬೀಗ ಸಿಗುತ್ತದೆ. ಜನ ಬೀಗವನ್ನು ತಪ್ಪಾಗಿ ನಂಬುತ್ತಿದ್ದಾರೆಂದು ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನೇ ತೆಗೆಯಿತು.

ಹಾಗಾಗಿ ಬೀಗಕ್ಕಿಂತ ಮೊದಲು ಹೆಸರು ಓದಿ. ಸರ್ಕಾರಿ ಸೈಟಿನ ಹೆಸರು ಸಾಮಾನ್ಯವಾಗಿ ‘ಜಿಒವಿ ಡಾಟ್ ಐಎನ್’ ಎಂದು ಮುಗಿಯುತ್ತದೆ. ಮೆಸೇಜಿನಲ್ಲಿ ಬಂದ ಲಿಂಕು ಒತ್ತಿ ಒಟಿಪಿ ಹಾಕಬೇಡಿ. ದುಡ್ಡು ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಮೊನ್ನೆ ಅದೇ ದಾರಿಯಲ್ಲಿ ಹೋಗುವಾಗ ಆ ರೈತರಿಗೆ ಇದನ್ನೆಲ್ಲ ಹೇಳಿದೆವು. ಸುಮ್ಮನೆ ಕೇಳಿಸಿಕೊಂಡರು.

"ಹಂಗಾದ್ರೆ ಲಕೋಟೆ ಭದ್ರವಾಗೇ ಹೋಯ್ತು ಅನ್ನಿ," ಅಂದರು. "ನಾನು ಬರೆದ ವಿಳಾಸವೇ ಕಳ್ಳನದು."