ಸಾಕಿದ ಟಗರು

ಕಲಬುರಗಿಯ ಕೋಟೆಗೆ ಹೋದವರು 1367ರ ದೊಡ್ಡ ಮಸೀದಿಯನ್ನೂ ಬುರುಜಿನ ಮೇಲಿನ ಉದ್ದನೆಯ ತೋಪನ್ನೂ ನೋಡಿ ಹಿಂದಿರುಗುತ್ತಾರೆ. ಕಂದಕದ ದಡದಲ್ಲಿ ಮೇಯುವ ಕುರಿಗೂ ಒಂದು ಚರಿತ್ರೆ ಇದ್ದೀತೆಂದು ಯಾರೂ ಎಣಿಸುವುದಿಲ್ಲ. ಆದರೆ ಈ ಸೀಮೆಯಲ್ಲಿ ಟಗರಿನ ಚರಿತ್ರೆ ಬಹಮನಿ ಸುಲ್ತಾನರಿಗಿಂತ ಹಳೆಯದು.

ಕಮಲಾಪುರ ದಾಟಿ ಹುಮನಾಬಾದಿನ ದಾರಿ ಹಿಡಿದು ಮುಂದೆ ಸಾಗಿದರೆ ಕಲ್ಯಾಣ ಸಿಕ್ಕುತ್ತದೆ. 12ನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಕೋಳಿಯ ಅಂಕದೊಡನೆ ಟಗರಿನ ಕಾಳಗವನ್ನೂ ಸೇರಿಸಿದ್ದಾನೆ. ಹಾಯುವ ಗುಣವೇ ಅರಮನೆಗೆ ಬೇಕಾಗಿತ್ತು. ಕುರುಬನ ಲೆಕ್ಕ ಬೇರೆ. 25-30 ಹೆಣ್ಣು ಕುರಿಗಳಿಗೆ ಒಂದು ಬೀಜದ ಟಗರು ಸಾಕು. ಉಳಿದ ಗಂಡುಮರಿಗಳನ್ನು ಮಾರುತ್ತಾನೆ, ಇಲ್ಲವೆ ಬೀಜ ಒಡೆಸಿ ಸಾಕುತ್ತಾನೆ.

ಪೇಟೆಯ ಮನೆಗಳಿಗೆ ಈ ಲೆಕ್ಕ ತಿಳಿಯದು. ತಬ್ಬಲಿ ಮರಿಯೊಂದನ್ನು ತಂದು ಸೀಸೆಯಲ್ಲಿ ಹಾಲು ಕುಡಿಸುತ್ತಾರೆ. ಮಕ್ಕಳು ಅದರ ಹಣೆಗೆ ಅಂಗೈ ಒತ್ತಿ ಆಡುತ್ತಾರೆ. ಮರಿ ತಿರುಗಿ ನೂಕಿದರೆ ಎಲ್ಲರಿಗೂ ನಗು. ಹಿಂಡಿನಲ್ಲಿ ಬೆಳೆದ ಟಗರಿಗೆ ಮನುಷ್ಯನೆಂದರೆ ಅಂಜಿಕೆಯುಂಟು. ಕೈಯಲ್ಲಿ ಬೆಳೆದುದಕ್ಕೆ ನಾವೇ ಹಿಂಡು. ಆದುದರಿಂದ ಪ್ರಾಯಕ್ಕೆ ಬಂದಾಗ ಅದು ಎದುರಾಳಿಯನ್ನು ಹುಡುಕುವುದೂ ನಮ್ಮಲ್ಲೇ. ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿಬಂದು ಹಾಯ್ದರೆ ಮುದುಕರ ಮೊಣಕಾಲು ಮುರಿದೀತು. ಆಗ ಮನೆಯ ಮುದ್ದಿನ ಮರಿ ಕಟುಕನ ಪಾಲಾಗುತ್ತದೆ.

ಇದು ಟಗರಿನ ತಪ್ಪೇ? ನನಗಂತೂ ಹಾಗೆನಿಸುವುದಿಲ್ಲ. ಹೊಡೆದು ಬುದ್ಧಿ ಕಲಿಸಹೋದರೆ ಅದಕ್ಕೆ ಅದೂ ಕಾಳಗದ ಕರೆಯೇ. ಹಣೆಯನ್ನು ಕೆಣಕದೆ, ಬೇರೆ ಕುರಿಗಳ ಜೊತೆಯಲ್ಲಿ ಬೆಳೆಸಿ, ತಳಿಗೆ ಬೇಡದ ಮರಿಗೆ ಎಳೆಯದರಲ್ಲೇ ಪಶುವೈದ್ಯರಿಂದ ಬೀಜ ಒಡೆಸುವುದು ಲೇಸು. ಹಾಯುವ ಚಾಳಿ ಬಲಿತ ಮೇಲೆ ಮಾಡಿಸಿದರೆ ಸೊಕ್ಕು ತಗ್ಗೀತು, ಚಾಳಿ ಉಳಿದೀತು. ಹಿಂದೆ ಕಲ್ಲು ಕೋಲುಗಳಿಂದ ಜಜ್ಜುತ್ತಿದ್ದ ಕೆಲಸಕ್ಕೆ 20ನೆಯ ಶತಮಾನದಲ್ಲಿ ಇಟಲಿಯಿಂದ ಬರ್ಡಿಜೊ ಇಕ್ಕಳ ಬಂದಿತು. ಅದು ಚರ್ಮವನ್ನು ಸೀಳದೆ ಒಳಗಿನ ನಾಳವನ್ನಷ್ಟೇ ಹಿಸುಕುತ್ತದೆ.

1960ರಲ್ಲಿ ನಮ್ಮ ದೇಶದ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂದಾಗ ಎರಡು ಹಳೆಯ ಲೆಕ್ಕಗಳ ತೀರ್ಮಾನವೂ ಆಯಿತು. ಪ್ರಾಣಿಗಳನ್ನು ಕಾದಾಡಿಸುವ ಸೋಮೇಶ್ವರನ ವಿನೋದ ಅಪರಾಧವೆನಿಸಿತು. ಕುರುಬನ ವಿವೇಕಕ್ಕೆ, ಗೊತ್ತುಪಡಿಸಿದ ಕ್ರಮದಲ್ಲಿ ಮಾಡಿದರೆ, ಕಾಯಿದೆಯ ಒಪ್ಪಿಗೆ ದೊರೆಯಿತು. ಮರಿಯನ್ನು ಮನೆಗೆ ತರುವ ದಿನವೇ ಈ ಮಾತನ್ನು ಯೋಚಿಸಿದರೆ ಅದು ಮುದಿಯಾಗುವ ತನಕ ಅಂಗಳದಲ್ಲಿ ಉಳಿದೀತು.