ಮಣಿಕಟ್ಟಿನ ದಾರಿ: ಕೈ ಮೂಲಕ ಮಾಡುವ ಆಂಜಿಯೋಪ್ಲಾಸ್ಟಿಯ ಸುರಕ್ಷತೆ ಮತ್ತು ಲಗ್ಗೆರೆಯ ದುಡಿಯುವ ಕೈ

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಂತಿರುವ ಲಗ್ಗೆರೆಯಲ್ಲಿ ಎಷ್ಟೋ ಮನೆಗಳು ಕೈಕೆಲಸವನ್ನೇ ನಂಬಿವೆ. ಲೇತ್ ಮುಂದೆ ನಿಲ್ಲುವವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ಆಟೊ ಓಡಿಸುವವರು ಇಲ್ಲಿದ್ದಾರೆ. ಎದೆನೋವು ಬಂದರೆ ಇವರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೋ ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೋ ಓಡುತ್ತಾರೆ. ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಕಂಡು, ಕೈಯಿಂದಲೇ ಸ್ಟೆಂಟ್ ಹಾಕುತ್ತೇವೆಂದು ಡಾಕ್ಟರು ಹೇಳಿದಾಗ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ಜೀವಕ್ಕೆ ಅಪಾಯವಿಲ್ಲವಲ್ಲ? ಆಮೇಲೆ ಆ ಕೈ ಕೆಲಸಕ್ಕೆ ಬರುತ್ತದಲ್ಲ?

ಮೊದಲ ಪ್ರಶ್ನೆಗೆ ವೈದ್ಯಕೀಯ ಚರಿತ್ರೆ ಗಟ್ಟಿಯಾದ ಉತ್ತರ ಕೊಟ್ಟಿದೆ. ಎರಡನೆಯದನ್ನು ಅದು ಅಷ್ಟೇ ಶ್ರದ್ಧೆಯಿಂದ ವಿಚಾರಿಸಲಿಲ್ಲ. ಈ ಲೇಖನದ ವಾದ ಇಷ್ಟೇ.

ಹೃದಯಕ್ಕೆ ಕೊಳವೆ ತೂರಿಸುವ ಸಾಹಸ ಶುರುವಾದದ್ದು ಕೈಯಿಂದಲೇ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್ ಎಂಬ ಊರಿನಲ್ಲಿ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ಮೊಣಕೈ ಮಡಿಕೆಯ ಅಭಿಧಮನಿಯೊಳಗೆ ಕೊಳವೆ ಸೇರಿಸಿ ಹೃದಯದವರೆಗೆ ಒಯ್ದು, ಎಕ್ಸ್-ರೇ ತೆಗೆಸಿಕೊಂಡ. ಆಗ ಬೈಗುಳ ತಿಂದ ಅವನಿಗೆ 1956ರಲ್ಲಿ ನೊಬೆಲ್ ಬಂತು. ಅದೇ 1929ರಲ್ಲಿ ಅಮೆರಿಕದ ಎಡ್ಗರ್ ಅಲೆನ್ ಬೇರೊಂದು ಕಾಯಿಲೆಯ ಪತ್ತೆಗಾಗಿ ಮಣಿಕಟ್ಟಿನ ಧಮನಿಯನ್ನು ಒತ್ತಿ, ಅಂಗೈಗೆ ರಕ್ತ ಮರಳುವುದನ್ನು ನೋಡುವ ಪರೀಕ್ಷೆಯನ್ನು ವಿವರಿಸಿದ. ಆ ಕೊಳವೆಯೂ ಈ ಪರೀಕ್ಷೆಯೂ ಒಂದೇ ರೋಗಿಯ ಕೈಯಲ್ಲಿ ಕೂಡಲು ಅರವತ್ತು ವರ್ಷ ಹಿಡಿಯಿತು.

ಸ್ವೀಡನ್ನಿನ ಸ್ಟಿಗ್ ರಾಡ್ನರ್ 1948ರಲ್ಲೇ ಮಣಿಕಟ್ಟಿನ ಧಮನಿಯಿಂದ ಮಹಾಧಮನಿಯ ಚಿತ್ರ ತೆಗೆಯಲು ಯತ್ನಿಸಿದ್ದ. ಅಂದಿನ ಕೊಳವೆಗಳು ದಪ್ಪ, ಆ ಧಮನಿಯೋ ಸಣ್ಣದು. ಹಾಗಾಗಿ ಆ ಯತ್ನ ಮುಂದುವರಿಯಲಿಲ್ಲ. 1958ರಲ್ಲಿ ಕ್ಲೀವ್‌ಲ್ಯಾಂಡ್‌ನ ಮೇಸನ್ ಸೋನ್ಸ್ ಹೃದಯದ ಧಮನಿಯ ಚಿತ್ರ ಪಡೆದದ್ದು ಮೊಣಕೈ ಬಳಿ ಕೊಯ್ದು. ಕೊಯ್ಯದೆ ಸೂಜಿಯಿಂದಲೇ ಕೊಳವೆ ಸೇರಿಸುವ ಸೆಲ್ಡಿಂಗರ್ ವಿಧಾನ 1953ರಲ್ಲೇ ಬಂದಿತ್ತು. 1967ರ ಹೊತ್ತಿಗೆ ಮೆಲ್ವಿನ್ ಜಡ್ಕಿನ್ಸ್ ಮೊದಲೇ ಬಾಗಿಸಿಟ್ಟ ಕ್ಯಾತಿಟರ್‌ಗಳನ್ನು ತಂದಮೇಲೆ ಹೆಚ್ಚಿನವರು ತೊಡೆಸಂದಿಗೆ ಇಳಿದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನಿನಿಂದ ಬ್ಲಾಕ್ ತೆರೆದದ್ದೂ ತೊಡೆಯ ದಾರಿಯಲ್ಲೇ.

ತೊಡೆಯ ಧಮನಿ ದೊಡ್ಡದು, ಕೊಳವೆ ಸಲೀಸಾಗಿ ಹೋಗುತ್ತದೆ. ಆದರೆ ಅದು ಆಳದಲ್ಲಿದೆ. ರಂಧ್ರ ಸ್ವಲ್ಪ ಮೇಲೆ ಬಿದ್ದರೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಇಳಿದು, ಬಿಪಿ ಕುಸಿಯುವವರೆಗೂ ಯಾರಿಗೂ ಗೊತ್ತಾಗದೇ ಹೋಗಬಹುದು. ರೋಗಿ ಕಾಲು ಅಲುಗಿಸದೆ ಗಂಟೆಗಟ್ಟಲೆ ಮಲಗಬೇಕು. ಮಣಿಕಟ್ಟಿನಲ್ಲಿ ಧಮನಿ ಚರ್ಮದ ಅಡಿಯಲ್ಲೇ, ಮೂಳೆಯ ಮೇಲೆ ಇದೆ. ಬೆರಳಿನಿಂದ ಒತ್ತಿದರೆ ರಕ್ತ ನಿಲ್ಲುತ್ತದೆ. ಜೊತೆಗೆ ಕಿರುಬೆರಳಿನ ಬದಿಯಲ್ಲಿ ಇನ್ನೊಂದು ಧಮನಿಯಿದ್ದು, ಎರಡೂ ಅಂಗೈಯಲ್ಲಿ ಕಮಾನಿನಂತೆ ಕೂಡುತ್ತವೆ. ಒಂದು ಮುಚ್ಚಿದರೂ ಸಾಮಾನ್ಯವಾಗಿ ಇನ್ನೊಂದು ಕೈಗೆ ರಕ್ತ ಒದಗಿಸುತ್ತದೆ.

ಮಾಂಟ್ರಿಯಲ್‌ನ ಲೂಸಿಯೆನ್ ಕಾಂಪೋ 1989ರಲ್ಲಿ 100 ರೋಗಿಗಳಿಗೆ ಮಣಿಕಟ್ಟಿನಿಂದ ಆಂಜಿಯೋಗ್ರಾಮ್ ಮಾಡಿದ ಅನುಭವ ಪ್ರಕಟಿಸಿದ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಾಂಡ್ ಕೀಮನೇ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿದ. ಸ್ಟೆಂಟ್ ಹೊಸದಾಗಿದ್ದ ಆ ಕಾಲದಲ್ಲಿ ಅದರೊಳಗೆ ಹೆಪ್ಪುಗಟ್ಟದಿರಲೆಂದು ರಕ್ತ ತೆಳುವಾಗಿಸುವ ಮದ್ದನ್ನು ಭಾರಿ ಪ್ರಮಾಣದಲ್ಲಿ ಕೊಡುತ್ತಿದ್ದರು. ತೊಡೆಸಂದಿನ ರಕ್ತಸ್ರಾವ ಅದರ ದಂಡ. ಅಷ್ಟರಲ್ಲಿ 2 ಮಿ.ಮೀ. ದಪ್ಪದ, ಅಂದರೆ 6 ಫ್ರೆಂಚ್ ಅಳತೆಯ ಕ್ಯಾತಿಟರ್‌ಗಳೂ ಬಂದಿದ್ದವು. ಕೀಮನೇಯ ತಂಡ 900 ರೋಗಿಗಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚುಚ್ಚಿದ ಜಾಗದ ದೊಡ್ಡ ತೊಡಕು ತೊಡೆಯಲ್ಲಿ ಶೇ. 2, ಮೊಣಕೈಯಲ್ಲಿ ಶೇ. 2.3, ಮಣಿಕಟ್ಟಿನಲ್ಲಿ ಒಂದೂ ಇಲ್ಲ.

ಮುಂದಿನ ದೊಡ್ಡ ಪುರಾವೆಯಲ್ಲಿ ಬೆಂಗಳೂರಿನ ಪಾಲಿದೆ. 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ‘ರೈವಲ್’ ಪ್ರಯೋಗ 32 ದೇಶಗಳ 7,021 ರೋಗಿಗಳದ್ದು. ಸಂಜಿತ್ ಜಾಲಿ ಮುಂದಾಳಾಗಿದ್ದ ಆ ಲೇಖನದ ಕರ್ತೃಗಳಲ್ಲಿ ನಮ್ಮ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್ ಇದ್ದರು. ಅದೇ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಕೂಡ ಇದ್ದರು. ಫಲಿತಾಂಶವನ್ನು ಉಬ್ಬಿಸದೆ ಓದಬೇಕು. ಸಾವು, ಹೃದಯಾಘಾತ, ಪಾರ್ಶ್ವವಾಯು, ದೊಡ್ಡ ರಕ್ತಸ್ರಾವ ಎಲ್ಲ ಸೇರಿದ ಮುಖ್ಯ ಲೆಕ್ಕದಲ್ಲಿ ಎರಡು ದಾರಿಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ: ಮಣಿಕಟ್ಟಿನಲ್ಲಿ ಶೇ. 3.7, ತೊಡೆಯಲ್ಲಿ 4.0. ರಕ್ತನಾಳದ ದೊಡ್ಡ ತೊಡಕುಗಳು ಮಾತ್ರ ತೊಡೆಯಲ್ಲಿ ಶೇ. 3.7 ಇದ್ದದ್ದು ಮಣಿಕಟ್ಟಿನಲ್ಲಿ ಶೇ. 1.4ಕ್ಕೆ ಇಳಿದವು. 2015ರ ‘ಮ್ಯಾಟ್ರಿಕ್ಸ್’ ಪ್ರಯೋಗದ 8,404 ರೋಗಿಗಳಲ್ಲಿ ಮಣಿಕಟ್ಟಿನ ದಾರಿಯಲ್ಲಿ ಸಾವೂ ಕಡಿಮೆಯಿತ್ತು: ಶೇ. 2.2ರ ಬದಲು 1.6. ಆದರೆ 2020ರ ‘ಸಫಾರಿ-ಸ್ಟೆಮಿ’ ಪ್ರಯೋಗದಲ್ಲಿ ಸಾವಿನ ವ್ಯತ್ಯಾಸ ಕಾಣಲಿಲ್ಲ. ಮಣಿಕಟ್ಟು ಪವಾಡವಲ್ಲ, ತೊಡೆಯಲ್ಲಿ ಚೆನ್ನಾಗಿ ಪಳಗಿದ ಕೈ ಆ ದಾರಿಯನ್ನೂ ಸುರಕ್ಷಿತವಾಗಿಸಬಲ್ಲದು. ಆದರೂ ತೂಕ ಮಣಿಕಟ್ಟಿನ ಕಡೆಗೇ ಇದೆ. 2015ರಲ್ಲಿ ಯೂರೋಪಿನ, 2021ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಇದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿದವು.

ನಮ್ಮ ನಾಡಿನ ಪರಿಸ್ಥಿತಿಗೆ ಈ ಆಯ್ಕೆ ಇನ್ನೂ ಹೆಚ್ಚು ಹೊಂದುತ್ತದೆ. ಝೇವಿಯರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ದಾಖಲೆಯ ಪ್ರಕಾರ, ಭಾರತದ 20,468 ರೋಗಿಗಳಲ್ಲಿ ನೋವು ಶುರುವಾಗಿ ಆಸ್ಪತ್ರೆ ಮುಟ್ಟುವ ಮಧ್ಯಕ ಅವಧಿ 360 ನಿಮಿಷ. ಧಮನಿ ಪೂರ್ತಿ ಮುಚ್ಚಿದವರಲ್ಲಿ ಹೆಚ್ಚಿನವರಿಗೆ ಮೊದಲು ಸಿಕ್ಕದ್ದು ಹೆಪ್ಪು ಕರಗಿಸುವ ಇಂಜೆಕ್ಷನ್. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೊಡುವುದು ಅಂಥದೇ ಇಂಜೆಕ್ಷನ್. ಅದನ್ನು ಪಡೆದು ಕ್ಯಾಥ್ ಲ್ಯಾಬ್ ತಲುಪಿದ ರೋಗಿಯ ತೊಡೆಸಂದಿನಲ್ಲಿ ರಂಧ್ರ ಮಾಡಿದರೆ ರಕ್ತ ನಿಲ್ಲಿಸುವುದು ಕಷ್ಟ. ಮಣಿಕಟ್ಟಿನಲ್ಲಾದರೆ ಒಂದು ಪಟ್ಟಿ ಸಾಕು.

ಇನ್ನು ಕೈಯ ಪ್ರಶ್ನೆ. ಕೊಳವೆ ತೆಗೆದ ಮೇಲೆ ಕೆಲವರಲ್ಲಿ ಮಣಿಕಟ್ಟಿನ ಧಮನಿ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಹೆಚ್ಚಿನವರಿಗೆ ಅದರ ಅರಿವೇ ಆಗದ ಕಾರಣ ಈ ತೊಡಕನ್ನು ಬಹುಕಾಲ ಹಗುರವಾಗಿ ಕಂಡರು. ಇದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಮುಂದೆ ಮತ್ತೊಂದು ಸ್ಟೆಂಟಿಗೆ, ಬೈಪಾಸ್ ಕಸಿಗೆ, ಮೂತ್ರಪಿಂಡ ಸೋತರೆ ಡಯಾಲಿಸಿಸ್‌ನ ಫಿಸ್ಟುಲಾಕ್ಕೆ ಅದೇ ಧಮನಿ ಬೇಕಾಗಬಹುದು. ರೋಗಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವಳಾದರೆ ಆ ಕೈಯ ಲೆಕ್ಕವೇ ಬೇರೆ. ಹೆಣ್ಣುಮಕ್ಕಳ ಧಮನಿ ಸಣ್ಣದು, ಸೆಡೆತವೂ ಹೆಚ್ಚು. 1,787 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಣಿಕಟ್ಟಿನಿಂದ ಶುರುಮಾಡಿದವರ ಪೈಕಿ ಶೇ. 6.7 ಮಂದಿಗೆ ತೊಡೆಯ ದಾರಿಗೆ ಬದಲಾಯಿಸಬೇಕಾಯಿತು. ಇಷ್ಟಾದರೂ ದೊಡ್ಡ ಪ್ರಯೋಗಗಳು ಸಾವು ಮತ್ತು ರಕ್ತಸ್ರಾವವನ್ನು ಮುಖ್ಯ ಅಳತೆಯಾಗಿಸಿಕೊಂಡವೇ ಹೊರತು ಹಿಡಿತದ ಬಲವನ್ನಲ್ಲ.

ಧಮನಿ ಮುಚ್ಚದಂತೆ ತಡೆಯುವ ಉಪಾಯಕ್ಕೆ ಹೆಚ್ಚು ದುಡ್ಡೇನೂ ಬೇಕಿಲ್ಲ. ಸಮೀರ್ ಪಂಚೋಲಿ ತಂಡ 2008ರಲ್ಲಿ 436 ರೋಗಿಗಳಲ್ಲಿ ಇದನ್ನು ತೋರಿಸಿತು. ಪಟ್ಟಿಯನ್ನು ಬಿಗಿದು ಕಟ್ಟದೆ, ರಕ್ತ ಸೋರದಷ್ಟೇ ಒತ್ತಡ ಇಟ್ಟು, ಒಳಗೆ ರಕ್ತ ಹರಿಯುತ್ತಲೇ ಇರುವಂತೆ ನೋಡಿಕೊಂಡಾಗ ತಿಂಗಳ ಬಳಿಕ ಧಮನಿ ಮುಚ್ಚಿದ್ದವರು ಶೇ. 7ರಿಂದ 1.8ಕ್ಕೆ ಇಳಿದರು. ಬೇಕಾದದ್ದು ರಕ್ತ ತೆಳುವಾಗಿಸುವ ಹೆಪಾರಿನ್ ಸಾಕಷ್ಟು, ಸಣ್ಣ ಕೊಳವೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಪಕ್ಕದಲ್ಲಿ ನಿಲ್ಲಲು ಸಮಯವಿರುವ ನರ್ಸ್. ಕೀಮನೇ 2017ರಲ್ಲಿ ಹೆಬ್ಬೆರಳಿನ ಬುಡದ ತಗ್ಗಿನಿಂದ, ಅಂದರೆ ಕೈಯ ಬೆನ್ನಿನಿಂದಲೇ ಒಳಹೋಗುವ ಅನುಭವವನ್ನು ಪ್ರಕಟಿಸಿದ. ಈ ಹೊಸ ಜಾಗವನ್ನೂ ಮಣಿಕಟ್ಟಿನ ಹಳೆಯ ಜಾಗವನ್ನೂ 2022ರಲ್ಲಿ 1,307 ರೋಗಿಗಳಲ್ಲಿ ಹೋಲಿಸಿದಾಗ ಧಮನಿ ಮುಚ್ಚುವುದು ಎರಡೂ ಕಡೆ ಶೇ. 1ಕ್ಕಿಂತ ಕಡಿಮೆ. ಎಚ್ಚರ ವಹಿಸಿದರೆ ಹಳೆಯ ಜಾಗವೂ ಸುರಕ್ಷಿತ ಎಂಬುದೇ ಇದರ ಸಾರ.

ಆದ್ದರಿಂದ ಪಶ್ಚಿಮ ಬೆಂಗಳೂರಿನ ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ: ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟಿನ ಅಳತೆಯ ಜೊತೆಗೆ ಮಣಿಕಟ್ಟಿನ ನಾಡಿ ಸಿಗುತ್ತಿದೆಯೇ ಎಂಬುದನ್ನೂ, ರೋಗಿ ಮಾಡುವ ಕೆಲಸವನ್ನೂ ಬರೆಯಿರಿ, ತಿಂಗಳ ನಂತರ ಬಂದಾಗ ಆ ಕೈಯನ್ನು ಮತ್ತೆ ಮುಟ್ಟಿ ನೋಡಿ. ರೋಗಿಗಳೂ ಅಷ್ಟೆ: ಕೈ ತಣ್ಣಗಾದರೆ, ಜೋಮು ಹಿಡಿದರೆ, ಊದಿಕೊಂಡರೆ ಮುಂದಿನ ತಪಾಸಣೆಯವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ ತೋರಿಸಬೇಕು.